ಬೆರಳ ತೂಕ

ಎದ್ದ ಕೂಡಲೇ ಅವಳಿಗೆ ಹಸಿವಾಗಿತ್ತು. ಬೇರೆ ಏನಾದರೂ ಆಗಬಹುದೆಂದು, ಎದೆಯಲ್ಲೋ ಗಂಟಲಲ್ಲೋ ಏನಾದರೂ ಕದಲಬಹುದೆಂದು ಹಾಸಿಗೆಯ ಮೇಲೆ ಕೂತು ಸ್ವಲ್ಪ ಹೊತ್ತು ಕಾದಳು. ಹೊಟ್ಟೆ ಮಾತ್ರ ಚುರುಗುಟ್ಟುತ್ತಿತ್ತು. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ತುಂಬಿಕೊಂಡಿದ್ದ ನೆಂಟರಲ್ಲಿ ಕಡೆಯವರು ನಿನ್ನೆ ಸಂಜೆ ಹೊರಟುಹೋಗಿದ್ದರು. ಬಾಡಿಗೆಗೆ ತಂದ ಕುರ್ಚಿಗಳೂ ಹೋಗಿದ್ದವು. ಅವುಗಳ ಕಾಲು ಎಳೆದ ಗೀರುಗಳು ಹಜಾರದ ನೆಲದ ಮೇಲೆ ಉಳಿದಿದ್ದವು. ಹೊರಗೆ ಕಸದ ಗಾಡಿ ಬಂದು ನಿಂತಿತು, ಹೋಯಿತು. ಪಕ್ಕದ ಮನೆಯ ಗಂಡಹೆಂಡಿರು ಎಂದಿನ ಜಗಳ ಶುರುಮಾಡಿದರು. ಇಷ್ಟು ದಿನ ಸಾವಿನ ಮನೆಗೆ ಮರ್ಯಾದೆ ಕೊಟ್ಟು ಪಿಸುದನಿಯಲ್ಲಿ ಬೈದಾಡಿಕೊಳ್ಳುತ್ತಿದ್ದವರು ಇವತ್ತು ಬಾಯಿಬಿಟ್ಟು ಬೈದಾಡುತ್ತಿದ್ದರು. ಹಾಗಾದರೆ ಮುಗಿಯಿತು ಎಂದುಕೊಂಡಳು. ಅಡಿಗೆಮನೆಗೆ ಹೋಗಿ, ನಿಂತುಕೊಂಡೇ, ತಟ್ಟೆಯನ್ನೂ ತೆಗೆದುಕೊಳ್ಳದೆ ನಿನ್ನೆಯ ಬ್ರೆಡ್ಡನ್ನು ಹರಿದು ಹರಿದು ಬಾಯಿಗೆ ತುಂಬಿಕೊಂಡಳು.

ಅತ್ತೆ ಬಾಗಿಲಲ್ಲಿ ಬಂದು ನಿಂತದ್ದು ಅವಳಿಗೆ ಗೊತ್ತಾಗಲಿಲ್ಲ.

"ತಿನ್ನು, ತಿನ್ನು. ಹೊಟ್ಟೆಗೇನು ಗೊತ್ತು ಗಂಡ ಸತ್ತದ್ದು."

"ನಿಮಗೂ ಒಂದು ತುಂಡು ಕೊಡ್ಲಾ ಅತ್ತೆ?"

"ನನಗಿನ್ನೂ ಇಳಿಯಲ್ಲಮ್ಮ. ನೀನು ಓದಿದೋಳು. ಓದಿದೋರಿಗೆ ಗಂಟಲು ದೊಡ್ಡದು."

ಅವಳಿಗೆ ಬಾಯಲ್ಲಿದ್ದುದನ್ನು ನುಂಗಲು ನೀರು ಬೇಕಿತ್ತು. ಅತ್ತೆ ನೋಡುತ್ತಿರುವಾಗ ಲೋಟ ಎತ್ತಿ ಗಟಗಟ ಕುಡಿಯುವುದು ಇನ್ನೂ ದೊಡ್ಡ ಅಪರಾಧವಾಗಿ ಕಂಡಿತು. ಒಣ ಉಂಡೆ ಎದೆಗೆ ಒತ್ತಿಕೊಂಡು ಇಳಿಯುತ್ತಿದ್ದಾಗ ಅವಳ ಕಣ್ಣಲ್ಲಿ ನೀರು ಬಂತು. ಅತ್ತೆ ಅದನ್ನು ನೋಡಿ ಸಮಾಧಾನವಾದವರಂತೆ ಒಳಗೆ ಹೋದರು.

ಫೋನು ಬಂದದ್ದು ಆಗಲೇ. ಹಲ್ಲಿನ ಡಾಕ್ಟರು. ಪಿಸ್ತೂಲಿನಲ್ಲಿ ಗುರಿ ಹೊಡೆಯುವವರ ಕ್ಲಬ್ಬಿಗೆ ಅವರೇ ಕಾರ್ಯದರ್ಶಿ. ಕ್ಲಬ್ಬಿನ ಪಿಸ್ತೂಲುಗಳೆಲ್ಲ ರಿಪೇರಿಗೆ ಅವಳ ಗಂಡನ ಹತ್ತಿರ ಬರುತ್ತಿದ್ದವು. ಮನೆಯ ಹಿಂದಿನ ವರ್ಕ್‌ಶಾಪು ನಿಂತಿದ್ದದ್ದೇ ಆ ಕೆಲಸದ ಮೇಲೆ.

"ಹೇಗಿದ್ದೀಯಮ್ಮ?"

"ಇದ್ದೀನಿ ಡಾಕ್ಟ್ರೇ."

"ಹೂಂ. ಇರಲೇಬೇಕಲ್ಲ." ಆ ಕಡೆ ಯಾರದೋ ಹಲ್ಲು ಕೊರೆಯುವ ಯಂತ್ರ ಗುಂಯ್‌ಗುಡುತ್ತಿತ್ತು. "ಕೇಳಬಾರದು, ಆದ್ರೂ ಕೇಳ್ತೀನಿ. ನನ್ನ ಪಿಸ್ತೂಲು."

"ಇಲ್ಲೇ ಇದೆ."

"ಇದೆ ಅಂತ ಗೊತ್ತು. ಸರಿಯಾಗಿದೆಯಾ ಅಂತ ಕೇಳ್ದೆ. ಒಂದು ಸಲ ನೆನೆದ್ರೆ ಸಾಕು ಹಾರುತ್ತೆ, ಇನ್ನೊಂದು ಸಲ ಕಾಲಿಗೆ ಬಿದ್ರೂ ಬಿಡಲ್ಲ. ನಿನ್ನ ಗಂಡ... ಸತ್ತೋರ ವಿಷಯ ಆಡಬಾರದು..."

"ಆಡಿ."

"ನಾಲ್ಕು ಜನರ ಮುಂದೆ ನನ್ನ ಬೆರಳೇ ಸರಿಯಿಲ್ಲ ಅಂದ. ಎಲ್ಲರೂ ನಕ್ಕರು. ನೀನೂ ನಕ್ಕೆ. ನನಗೀಗ ಇಷ್ಟೇ ಗೊತ್ತಾಗಬೇಕು, ದೋಷ ನನ್ನ ಬೆರಳಲ್ಲಾ, ಅವನ ಕೆಲಸದಲ್ಲಾ. ಮಧ್ಯಾಹ್ನ ಬರ್ತೀನಿ. ಆಗಲ್ಲ ಅಂದ್ರೆ ಹೇಳಿಬಿಡು, ಬೇಜಾರಿಲ್ಲ. ಮುಖ್ಯ ಬೀದಿಯಲ್ಲಿ ರಿಪೇರಿ ಮಾಡೋ ಕನ್ನಡಕದವನಿಗೆ ಕೊಡ್ತೀನಿ. ಕ್ಲಬ್ಬಿನ ಕೆಲಸಾನೂ ಅಲ್ಲಿಗೇ ಹೋಗುತ್ತೆ ಆಮೇಲೆ. ನೀನೊಬ್ಬಳೇ ನಡೆಸ್ತೀಯ ಅಂದ್ರೆ ಕಮಿಟಿಯೋರು ನಂಬಬೇಕಲ್ಲ."

ನಂಬುವಂತೆ ಮಾಡುತ್ತೇನೆ ಎಂದು ಹೇಳಬೇಕಿತ್ತು. ಅವಳು "ಬನ್ನಿ" ಎಂದಳು.

ಹಿಂದಿನ ಕೋಣೆಯ ಕಬ್ಬಿಣದ ಬಾಗಿಲು ತೆಗೆದಾಗ ಎಣ್ಣೆಯ ವಾಸನೆ ಎದುರು ಬಂತು. ಸತ್ತವನ ವಾಸನೆ ಎಂದು ಅನಿಸಬೇಕಿತ್ತು. ಎಣ್ಣೆ ಎಂದೇ ಅನಿಸಿತು. ಮೇಜಿನ ಮೇಲೆ ವೈಸು, ಅರಗಳು, ಸಾಣೆಕಲ್ಲುಗಳು, ಎಡಕ್ಕೆ ಅವನ ಕುರ್ಚಿ, ಬಲಕ್ಕೆ ಅವಳ ಸ್ಟೂಲು. ಲೋಹಗಳ ಬಗ್ಗೆ ಓದುತ್ತಿದ್ದ ದಿನಗಳಲ್ಲಿ ಉಕ್ಕಿನ ಮೇಲಿನ ಗಟ್ಟಿ ಪದರದ ಮಾದರಿಗಾಗಿ ಹಳೆಯ ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿಕೊಂಡು ಅವಳು ಈ ಬಾಗಿಲಿಗೆ ಬಂದಿದ್ದಳು. ಅವನು ಅವಳ ಹೆಸರು ಕೇಳದೆ "ಬನ್ನಿ ಎಂಎಸ್ಸಿ" ಎಂದಿದ್ದ. ಮದುವೆಯಾದ ಮೇಲೂ ಅದೇ ಹೆಸರು. ಆಗಲೇ ಅವನ ಬೆರಳು ಊರಲ್ಲೆಲ್ಲ ಮಾತಾಗಿತ್ತು. ಕಣ್ಣುಮುಚ್ಚಿ ಟ್ರಿಗರ್ ಒಂದು ಸಲ ಎಳೆದು, ಇಷ್ಟು ತೂಕಕ್ಕೆ ಬಿಡುತ್ತದೆ ಎಂದು ಹೇಳುತ್ತಿದ್ದ. ಪಣ ಕಟ್ಟಿದವರು ಸೋಲುತ್ತಿದ್ದರು. ಅವನ ಜೊತೆಯಲ್ಲೇ ಒಬ್ಬನೇ ಗುರುವಿನ ಕೈಕೆಳಗೆ ಕಲಿತ ಇನ್ನೊಬ್ಬ, ದಪ್ಪ ಕನ್ನಡಕದವನು, ಪ್ರತಿಯೊಂದನ್ನೂ ಕೊಕ್ಕೆಯ ತಕ್ಕಡಿ ಸಿಕ್ಕಿಸಿ ಎಳೆದು ಮುಳ್ಳು ನೋಡಿಯೇ ಹೇಳುವನು. "ಬದನೆಕಾಯಿ ತೂಗೋನಿಗೆ ತಕ್ಕಡಿ ಬೇಕು ಕಣೋ ಕನ್ನಡಕ, ನಮಗೆ ಬೆರಳು ಸಾಕು" ಎಂದು ಅವನು ಎಲ್ಲರ ಮುಂದೆ ಹಂಗಿಸುತ್ತಿದ್ದ. ಆ ಹೆಸರೇ ಅಂಟಿಕೊಂಡು ಆತ ಊರಿಗೆಲ್ಲ ಕನ್ನಡಕದವನಾದ. ಇಲ್ಲಿ, ಈ ಸ್ಟೂಲಿನ ಮೇಲೆ, ಅವಳ ಕಣ್ಣಿನ ಮೇಲೆ ತನ್ನ ಎಡಗೈ ಮುಚ್ಚಿ ಅವನು ಅವಳಿಗೂ ಕಲಿಸಿದ್ದ. ತಪ್ಪು ಹೇಳಿದಾಗಲೆಲ್ಲ ಕಿವಿ ಹಿಂಡುತ್ತಿದ್ದ. ಒಂದು ದಿನದಿಂದ ಹಿಂಡುವುದಕ್ಕೆ ಕಾರಣ ಸಿಗುವುದು ನಿಂತಿತು. "ನನ್ನ ಬೆರಳು ನಿನಗೆ ಬಂದುಬಿಟ್ಟಿದೆ ಎಂಎಸ್ಸಿ. ಯಾರಿಗೂ ಹೇಳಬೇಡ, ನನ್ನ ಅಂಗಡಿ ಮುಚ್ಚುತ್ತೆ." ಅವಳು ಅದನ್ನು ಪ್ರೀತಿಯ ಮಾತೆಂದೇ ತಿಳಿದು ಯಾರಿಗೂ ಹೇಳಿರಲಿಲ್ಲ.

ಡಾಕ್ಟರ ಪಿಸ್ತೂಲು ಬಟ್ಟೆಯ ಮೇಲೆ ಇತ್ತು. ಮ್ಯಾಗಜಿನ್ ಹೊರಗೆ ತೆಗೆದಳು, ಸ್ಲೈಡ್ ಹಿಂದಕ್ಕೆ ಎಳೆದು ಗುಂಡಿನ ಮನೆಯೊಳಗೆ ನೋಡಿದಳು, ಕಿರುಬೆರಳು ಹಾಕಿ ತಡವಿದಳು, ಮತ್ತೆ ನೋಡಿದಳು. ಖಾಲಿ. ಬಣ್ಣದ ನಕಲಿ ಗುಂಡೊಂದನ್ನು ಇಟ್ಟು ಗೋಡೆಗೆ ಒರಗಿಸಿದ ಮರಳಿನ ಮೂಟೆಯ ಕಡೆ ಹಿಡಿದು ಎಳೆದಳು. ಈ ಬಗೆಯ ಪಿಸ್ತೂಲಿಗೆ ಹೊರಗೆ ಕಾಣುವ ಸುತ್ತಿಗೆ ಇಲ್ಲ. ಒಳಗೆ ದಪ್ಪ ಸೂಜಿಯೊಂದು, ಅದರ ಬೆನ್ನಿಗೆ ಸ್ಪ್ರಿಂಗು. ಟ್ರಿಗರಿಗೆ ಸೇರಿದ ತಗಡಿನ ಕೊಂಡಿ ಆ ಸೂಜಿಯ ಕಾಲು ಹಿಡಿದು ಹಿಂದಕ್ಕೆ ಜಗ್ಗಿ, ಒಂದು ಹಂತದಲ್ಲಿ ಕೆಳಕ್ಕೆ ಜಾರಿ ಬಿಟ್ಟುಬಿಡುತ್ತದೆ. ಸೂಜಿ ಹಾರಿ ಹೊಡೆಯುತ್ತದೆ. ಬೆರಳಿಗೆ ತಿಳಿಯುವುದು ಇಷ್ಟು: ಮೊದಲು ಸಡಿಲ, ಆಮೇಲೆ ಒಂದು ಗೋಡೆ, ಆ ಗೋಡೆ ಕುಸಿಯುವ ಕ್ಷಣ. ಗೋಡೆ ಯಾವಾಗಲೂ ಒಂದೇ ಜಾಗದಲ್ಲಿರಬೇಕು, ಒಂದೇ ಭಾರಕ್ಕೆ ಕುಸಿಯಬೇಕು. ಇದರಲ್ಲಿ ಗೋಡೆ ಓಡಾಡುತ್ತಿತ್ತು. ಒಂದು ಸಲ ಮುಟ್ಟುವ ಮುಂಚೆಯೇ ಕುಸಿಯಿತು. ಮತ್ತೊಂದು ಸಲ ಬೆರಳಿನ ತುದಿ ಬೆಳ್ಳಗಾಗುವ ತನಕ ನಿಂತಿತು. ಡಾಕ್ಟರು ಸುಳ್ಳು ಹೇಳಿರಲಿಲ್ಲ. ಯಾರ ಬೆರಳೂ ಇದಕ್ಕೆ ಕಾರಣವಲ್ಲವೆಂದು ತಿಳಿಯಲು ಮೂರನೆಯ ಸಲ ಎಳೆಯುವುದೇ ಬೇಕಿರಲಿಲ್ಲ. ಹಾಗಾದರೆ ಅವನು, ಗಾಳಿ ಬೀಸಿದರೂ ತೂಕ ಹೇಳುವವನು, ಇದನ್ನು ಎಳೆದು ನೋಡಿ ಕ್ಲಬ್ಬಿನ ಅಂಗಳದಲ್ಲಿ ನಿಂತು "ಪಿಸ್ತೂಲಿಗೇನೂ ಆಗಿಲ್ಲ ಡಾಕ್ಟ್ರೇ, ಹಲ್ಲು ಕಿತ್ತೂ ಕಿತ್ತೂ ನಿಮ್ಮ ಬೆರಳಿಗೆ ಜಗ್ಗೋದೇ ಅಭ್ಯಾಸ ಆಗಿದೆ" ಎಂದದ್ದು ಹೇಗೆ?

ಅವಳು ಕ್ರಮವಾಗಿ ಹೋದಳು. ಕ್ರಮ ಅವನೇ ಕಲಿಸಿದ್ದು. ಮೊದಲು ಕೊಳೆ, ಆಮೇಲೆ ಎಣ್ಣೆ, ಆಮೇಲೆ ಸ್ಪ್ರಿಂಗು, ಕಡೆಗೆ ಲೋಹ. ಸೂಜಿ ಓಡಾಡುವ ಕೊಳವೆಯಲ್ಲಿ ಎಣ್ಣೆಮಡ್ಡಿ ಕಟ್ಟಿದ್ದರೆ ಸೂಜಿ ತಡೆದು ತಡೆದು ಬರುತ್ತದೆ. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಒಣಗಿಸಿದಳು. ಗೋಡೆ ಓಡಾಡುತ್ತಲೇ ಇತ್ತು. ಸೂಜಿಯ ಸ್ಪ್ರಿಂಗು ಬದಲಿಸಿದಳು. ಟ್ರಿಗರಿನ ಸ್ಪ್ರಿಂಗು ಬದಲಿಸಿದಳು. ಮೊಳೆಗಳು ಸಡಿಲವಾಗಿವೆಯೇ ಎಂದು ಅಲುಗಾಡಿಸಿ ನೋಡಿದಳು. ಯಾವುದೂ ಅಲ್ಲ. ಕೆಲಸ ಮಾಡುವಾಗ ತಾನು ಸಣ್ಣಗೆ ಗುನುಗುತ್ತಿರುವುದು ಗೊತ್ತಾಗಿ ಬಾಯಿ ಮುಚ್ಚಿಕೊಂಡಳು. ಅತ್ತೆಗೆ ಕೇಳಿಸಿರಬಹುದು. ಕೇಳಿಸಿದರೆ ಕೇಳಿಸಲಿ. ಒರೆಸುವ ಬಟ್ಟೆಗಾಗಿ ಅವನ ಕಡೆಯ ಕೆಳಗಿನ ಖಾನೆ ಎಳೆದಾಗ, ಹಳೆಯ ಬನಿಯನ್ನಿನಲ್ಲಿ ಸುತ್ತಿದ್ದ ಉದ್ದನೆಯ ಡಬ್ಬಿ ಕೈಗೆ ಸಿಕ್ಕಿತು. ಒಳಗೆ ತಕ್ಕಡಿ. ಟ್ರಿಗರ್ ಎಳೆದು ಅಳೆಯುವ, ಮುಳ್ಳಿರುವ, ತುದಿಗೆ ಕೊಕ್ಕೆಯಿರುವ ತಕ್ಕಡಿ. ಅದರ ಬೆನ್ನಿಗೆ ಎರಡು ಸೊನ್ನೆ ಕೊರೆದು ನಡುವೆ ಗೆರೆ ಎಳೆದಿತ್ತು. ಕನ್ನಡಕದವನು ತನ್ನನ್ನು ಹಂಗಿಸಿದ ಹೆಸರನ್ನೇ ಗುರುತು ಮಾಡಿಕೊಂಡು ಆ ಕನ್ನಡಕದ ಚಿತ್ರವನ್ನು ತನ್ನ ಹತಾರಗಳ ಮೇಲೆಲ್ಲ ಕೊರೆಯುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

ಅವಳು ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತಳು. ಬೇರೊಬ್ಬ ಹೆಂಗಸಿನ ಕಾಗದ ಸಿಕ್ಕಿದ್ದರೆ ಇಷ್ಟು ಬೆಚ್ಚುತ್ತಿರಲಿಲ್ಲವೇನೋ. ಅದಕ್ಕೆ ಅವಳು ತಯಾರಾಗಿದ್ದಳು. ಕಳೆದ ಕೆಲವು ತಿಂಗಳು ಅದನ್ನೇ ಕಾಯುತ್ತಿದ್ದಳು.

ತಕ್ಕಡಿಯ ಕೊಕ್ಕೆಯನ್ನು ಟ್ರಿಗರಿನ ನಡುಮಧ್ಯಕ್ಕೆ ಸಿಕ್ಕಿಸಿ ನೇರವಾಗಿ ಎಳೆದಳು. ಎರಡೂವರೆ ಕಿಲೋ. ಮತ್ತೆ ಎಳೆದಳು, ಎರಡೂವರೆ. ಮತ್ತೆ ಮತ್ತೆ ಎಳೆದರೂ ಮುಳ್ಳು ಬಂದು ನಿಲ್ಲುವುದು ಅಲ್ಲೇ. ತಕ್ಕಡಿಯ ಮಾತು ಕೇಳಿದರೆ ಪಿಸ್ತೂಲಿಗೆ ಏನೂ ಆಗಿರಲಿಲ್ಲ. ಅವನು ಕೇಳಿದ್ದು ಅದರ ಮಾತನ್ನೇ. ಬದನೆಕಾಯಿಯವರ ಯಂತ್ರವನ್ನು ನಂಬಿ, ಅದು ಹೇಳಿದ್ದನ್ನು ತನ್ನ ಬೆರಳು ಹೇಳಿತೆಂದು ಅಂಗಳದಲ್ಲಿ ನಿಂತು ಸಾರಿದ್ದ. ಅವಳು ಕೊಕ್ಕೆಯನ್ನು ಟ್ರಿಗರಿನ ಎಡಗಡೆಯ ಅಂಚಿಗೆ ಸರಿಸಿ ಎಳೆದಳು. ಮುಳ್ಳು ಅರ್ಧ ದಾರಿಗೂ ಹೋಗದೆ ಟಕ್ ಎಂದು ಬಿಟ್ಟಿತು. ಬಲಗಡೆಯ ಅಂಚಿಗೆ ಸರಿಸಿದಳು; ಮುಳ್ಳು ಎರಡೂವರೆ ದಾಟಿ ಹೋಗುತ್ತಲೇ ಇತ್ತು. ತಕ್ಕಡಿ ಯಾವಾಗಲೂ ನಡುವಿಂದ ಎಳೆಯುತ್ತದೆ. ಮನುಷ್ಯನ ಬೆರಳು ಒಂದು ಸಲ ಎಳೆದ ಹಾಗೆ ಇನ್ನೊಂದು ಸಲ ಎಳೆಯುವುದಿಲ್ಲ, ಕೂದಲೆಳೆಯಷ್ಟು ಆಚೆ ಈಚೆ ಒತ್ತುತ್ತದೆ. ಕೊಂಡಿಯನ್ನು ಬಿಚ್ಚಿ ಹೊರಗೆ ತೆಗೆದು ಭೂತಗನ್ನಡಿಯ ಕೆಳಗಿಟ್ಟಳು.

ಸೂಜಿಯ ಕಾಲನ್ನು ಹಿಡಿಯುವ ಮುಖ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಷ್ಟು ಹೊಳಪು ತರಿಸುವವನು ಅವನೊಬ್ಬನೇ. ಆದರೆ ಒಂದು ಮೂಲೆ ಇರಲಿಲ್ಲ. ಕರಗಿದ ಹಾಗೆ, ನೆಕ್ಕಿದ ಹಾಗೆ ದುಂಡಗೆ ಇಳಿದುಹೋಗಿತ್ತು. ಗಟ್ಟಿ ಪದರ ಹರಿದು ಕೆಳಗಿನ ಮೆತ್ತನೆಯ ಉಕ್ಕು ಬೂದಿಬಣ್ಣಕ್ಕೆ ಕಾಣುತ್ತಿತ್ತು. ಈ ಪದರ ಈರುಳ್ಳಿ ಸಿಪ್ಪೆಯಷ್ಟು ತೆಳು, ಮುಖ ಉಜ್ಜು, ಮೂಲೆ ಮುಟ್ಟಬೇಡ: ಮೊದಲ ದಿನ ಅವನು ಹೇಳಿದ್ದೇ ಇದು, ಅವಳು ವಿಶ್ವವಿದ್ಯಾಲಯದಲ್ಲಿ ಪುಟಗಟ್ಟಲೆ ಬರೆದದ್ದೂ ಇದನ್ನೇ. ಸಾಣೆಕಲ್ಲು ವಾಲಿತ್ತು. ಒಂದು ಸಲವಲ್ಲ, ಪ್ರತಿ ಸಲವೂ, ಒಂದೇ ಕಡೆಗೆ. ಹಿಡಿದ ಕೈಗೆ ಕಲ್ಲು ವಾಲುತ್ತಿರುವುದು ತಿಳಿದಿರಲಿಲ್ಲ.

ತಿಳಿದಿರಲಿಲ್ಲ ಎಂದು ಅವಳು ಜೋರಾಗಿಯೇ ಹೇಳಿದಳು. ಹಿಂದೊಂದು ದಿನ ಒಲೆಯ ಮೇಲಿನಿಂದ ಇಳಿಸಿದ ಕಾದ ಪಾತ್ರೆಯನ್ನು ಅವನು ಬಟ್ಟೆಯಿಲ್ಲದೆ ಹಿಡಿದುಕೊಂಡು, ಮಾತಾಡುತ್ತ, ಆರಾಮವಾಗಿ ನಡೆದು ಮೇಜಿನ ತನಕ ತಂದಿದ್ದ. ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ಅವಳ ಮೂಗಿಗೆ. "ಎಮ್ಮೆ ಚರ್ಮ ನಿಮ್ಮದು" ಎಂದು ನಕ್ಕಿದ್ದಳು. ಅವನೂ ಬೆರಳು ನೋಡಿಕೊಂಡು ನಕ್ಕಿದ್ದ, ಸ್ವಲ್ಪ ತಡವಾಗಿ. ರಾತ್ರಿಗಳಲ್ಲಿ ಅವನ ಬಲಗೈ ಅವಳ ಬೆನ್ನಿನ ಮೇಲೆ ಬಂದು ಬೀಳುತ್ತಿತ್ತು, ಯಾರೋ ಇಟ್ಟು ಮರೆತ ಸಾಮಾನಿನ ಹಾಗೆ. ಮೊದಲೆಲ್ಲ ಒಂದೊಂದು ಎಲುಬನ್ನೂ ಎಣಿಸಿ ತೂಕ ಹೇಳುತ್ತಿದ್ದ ಕೈ. ಯಾರ ಮೈ ಮುಟ್ಟಿ ಬಂದದ್ದರಿಂದ ತನ್ನ ಮೈ ಸಪ್ಪೆಯಾಯಿತೆಂದು ಅವಳು ಕತ್ತಲಲ್ಲಿ ಕಣ್ಣುಬಿಟ್ಟು ಲೆಕ್ಕ ಹಾಕುತ್ತಿದ್ದಳು. ಒಂದು ರಾತ್ರಿ ತಡೆಯಲಾರದೆ, "ಬೇಡ ಅಂದ್ರೆ ಬೇಡ ಅನ್ನಿ. ಹೀಗೆ ಹೆಣದ ಕೈ ಇಡಬೇಡಿ ಮೈಮೇಲೆ" ಎಂದಿದ್ದಳು. ಅವನು ಕೈ ತೆಗೆದ. "ಸುಸ್ತು" ಎಂದ. ಆಮೇಲೆ ಇಡಲೇ ಇಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗುವುದನ್ನು ರೂಢಿ ಮಾಡಿಕೊಂಡಳು. ಮಾತಿಗೆ ಒಂದೇ ಪದದ ಉತ್ತರ ಕೊಡುವುದನ್ನು ಒಂದು ವಿದ್ಯೆಯ ಹಾಗೆ ಕಲಿತಳು. ಅವನ ಕಡೆಯ ಬೆಳಿಗ್ಗೆಯೂ ಅಷ್ಟೇ. ಬಾಗಿಲ ಹತ್ತಿರ ಹೆಲ್ಮೆಟ್ ಹಾಕಿಕೊಂಡು ನಿಂತು, ಗದ್ದದ ಕೆಳಗಿನ ಪಟ್ಟಿಯನ್ನು ತಡವುತ್ತ, "ಎಂಎಸ್ಸಿ, ಇದನ್ನ ಸ್ವಲ್ಪ ಹಾಕ್ತೀಯಾ" ಎಂದ. ಅವಳು ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಯಾಕೆ, ಕೈಯಿಲ್ವಾ ನಿಮಗೆ?"

ಮುಂದಿನ ಲಾರಿ ನಿಂತಿತು, ಬೈಕು ನಿಲ್ಲಲಿಲ್ಲ. ಬ್ರೇಕಿನಲ್ಲಿ ದೋಷವಿರಲಿಲ್ಲ ಎಂದು ಪೊಲೀಸರು ಹೇಳಿದ್ದರು. ಬ್ರೇಕಿನ ಹಿಡಿ ಬಲಗೈಗೆ ಇರುತ್ತದೆ. ಹೆಲ್ಮೆಟ್ ಉರುಳಿಕೊಂಡು ಹೋಗಿ ಚರಂಡಿಯಲ್ಲಿ ಸಿಕ್ಕಿತು. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ಅತ್ತೆ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಲೋಟ. ಕೊಡಲು ತಂದದ್ದೋ ತಾವು ಕುಡಿಯುತ್ತಿದ್ದದ್ದೋ ಗೊತ್ತಾಗುವಂತಿರಲಿಲ್ಲ.

"ಅವನ ಕುರ್ಚಿ ಮೇಲೆ ಕೂತಿದ್ದೀಯ."

ಯಾವಾಗ ಬದಲಾಯಿಸಿ ಕೂತೆನೋ ಅವಳಿಗೆ ನೆನಪಿರಲಿಲ್ಲ. ಏಳಲೂ ಇಲ್ಲ. "ಅತ್ತೆ, ಅವರ ಕೈಗೆ ಏನಾಗಿತ್ತು?"

"ಈಗ ಕೇಳ್ತಿದ್ದೀಯ."

"ನಿಮಗೆ ಗೊತ್ತಿತ್ತಾ?"

"ನರ ಸತ್ತಿತ್ತಂತೆ. ಮೂರು ಬೆರಳು. ಆಸ್ಪತ್ರೆಗೆ ನಾನೇ ಹೋಗಿದ್ದೆ ಜೊತೆಗೆ. ಸೂಜಿ ಚುಚ್ತಾರೆ, ಇವನು ಕಿಟಕಿ ನೋಡ್ತಾ ಕೂತಿದಾನೆ. ಅಂಗಿ ಗುಂಡಿ ನಾನು ಹಾಕ್ತಿದ್ದೆ ಕಣೆ, ನೀನು ಸ್ನಾನಕ್ಕೆ ಹೋದಾಗ. ಮೀಸೆ ನರೆಯೋಕೆ ಬಂದ ಮಗನಿಗೆ."

"ನನಗೆ ಯಾಕೆ ಹೇಳಲಿಲ್ಲ?"

ಅತ್ತೆ ಒಂದು ಗುಟುಕು ಕುಡಿದರು. "ನಗ್ತಾಳೆ ಅಂದ."

ಪಕ್ಕದ ಮನೆಯಲ್ಲಿ ಪಾತ್ರೆಯೊಂದು ಬಿದ್ದು ಉರುಳುತ್ತ ಹೋಯಿತು.

"ನಾನಂದೆ, ನಗಲಿ ಬಿಡೋ, ನಕ್ಕರೆ ನಿನ್ನ ಗಂಟೇನು ಹೋಗುತ್ತೆ ಅಂತ. ಅವಳು ನಗೋದನ್ನ ನೀನು ನೋಡಿಲ್ಲಮ್ಮ ಅಂದ."

ಅಷ್ಟು ಹೇಳಿ ಅವರು ಒಳಗೆ ಹೋದರು. ಲೋಟವನ್ನು ಜೊತೆಗೇ ಒಯ್ದರು. ಅವಳು ಅಳಬಹುದಿತ್ತು, ಕೋಣೆಯಲ್ಲಿ ಯಾರೂ ಇರಲಿಲ್ಲ. ಬದಲಿಗೆ, ತನ್ನ ನಗು ಹೇಗಿರುತ್ತದೆಂದು ನೋಡಬೇಕೆನಿಸಿತು. ಭೂತಗನ್ನಡಿಯ ಗಾಜಿನಲ್ಲಿ ಮುಖ ಕಾಣುತ್ತದೆಯೇ ಎಂದು ಬಗ್ಗಿ, ಹಲ್ಲು ಕಿರಿದಳು. ಮೂಗು ಮಾತ್ರ ದೊಡ್ಡದಾಗಿ ಕಂಡಿತು. ಹೊಸ ಕೊಂಡಿ ತೆಗೆದು, ಮುಖವನ್ನಷ್ಟೇ ಹಗುರವಾಗಿ ಉಜ್ಜಿ, ಮೂಲೆ ಮುಟ್ಟದೆ ಜೋಡಿಸಿದಳು. ಅಂಚಿನಿಂದ ಎಳೆದಳು, ನಡುವಿನಿಂದ ಎಳೆದಳು. ಗೋಡೆ ನಿಂತಲ್ಲೇ ನಿಂತಿತ್ತು.

ಡಾಕ್ಟರು ಊಟದ ಬಿಡುವಿನಲ್ಲಿ ಬಂದರು. ಕೈಯಲ್ಲಿ ಹಣ್ಣಿನ ಚೀಲ. ಸಾವಿನ ಮನೆಗೋ ರೋಗಿಯ ಮನೆಗೋ ಯಾವುದಕ್ಕೆ ತಂದರೆಂದು ಅವರಿಗೇ ಸ್ಪಷ್ಟವಿಲ್ಲದವರ ಹಾಗೆ ಅದನ್ನು ಮೇಜಿನ ಮೂಲೆಗಿಟ್ಟರು. ಪಿಸ್ತೂಲು ತೆಗೆದುಕೊಂಡು, ಖಾಲಿಯಿರುವುದನ್ನು ನೋಡಿ, ಮರಳಿನ ಮೂಟೆಗೆ ಹಿಡಿದು ಎಳೆದರು. ಮತ್ತೆ ಎಳೆದರು. ಮುಖ ಅರಳಿತು.

"ಆಹಾ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಏನಾಗಿತ್ತಮ್ಮ?"

"ಕೊಂಡಿಯ ಮೂಲೆ ಸವೆದಿತ್ತು. ಹೊಸದು ಹಾಕಿದೀನಿ."

"ತಾನಾಗೇ ಸವೀತಾ?"

"ಇಲ್ಲ. ಉಜ್ಜಿದ್ದು."

"ಅಂದ್ರೆ ನನ್ನ ಬೆರಳಲ್ಲ."

"ನಿಮ್ಮ ಬೆರಳಲ್ಲ ಡಾಕ್ಟ್ರೇ."

ಅವರು ಪಿಸ್ತೂಲನ್ನು ಕೆಳಗಿಟ್ಟು ಅವಳ ಮುಖ ನೋಡಿದರು. ಬಾಯಿಬಿಟ್ಟು ಕೂತ ರೋಗಿಯ ಯಾವ ಹಲ್ಲು ನೋಯುತ್ತದೆಂದು ತಟ್ಟಿ ನೋಡುವವರ ತಾಳ್ಮೆ ಆ ಮುಖದಲ್ಲಿತ್ತು. "ಯಾರು ಉಜ್ಜಿದ್ದು?"

ಅವಳ ನಾಲಿಗೆಯ ಮೇಲೆ ಅವನ ಹೆಸರಿತ್ತು. ಅದನ್ನು ಹೇಳಿದರೆ ವರ್ಕ್‌ಶಾಪು ಅವಳಿಗೆ ಉಳಿಯುತ್ತಿತ್ತು: ಗಂಡ ಕೆಡಿಸಿದ್ದನ್ನು ಸರಿಮಾಡಿದವಳು. ಆದರೆ ಸಂಜೆಯೊಳಗೆ ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ನೆನೆದು ನಗುತ್ತಿದ್ದರು. "ನಾನು" ಎಂದಳು.

"ನೀನಾ!"

"ಅವರಿಲ್ಲದಾಗ. ಜೋಡಿಸಿ ಇಟ್ಟುಬಿಟ್ಟೆ, ಹೇಳಲಿಲ್ಲ."

ಡಾಕ್ಟರಿಗೆ ನಿರಾಸೆಯಾದದ್ದು ಕಂಡಿತು. ಸತ್ತವನನ್ನು ಹಿಡಿಯಲು ಬಂದವರ ಕೈಗೆ ಬದುಕಿದವಳು ಸಿಕ್ಕಿದ್ದಳು. ಆಮೇಲೆ ನಿಧಾನವಾಗಿ ಅವರ ಮುಖದಲ್ಲಿ ಬೇರೊಂದು ಬೆಳಕು ಬಂತು. "ಅಂದ್ರೆ ನಿನ್ನ ತಪ್ಪು ಮುಚ್ಚೋಕೆ ಅವನು ನನ್ನ ಬೆರಳ ಮೇಲೆ ಹಾಕಿದ. ನೋಡು, ದೊಡ್ಡ ಮನುಷ್ಯ ಕಣಮ್ಮ ನಿನ್ನ ಗಂಡ. ಹೆಂಡತೀನ ಬಿಟ್ಟುಕೊಡಲಿಲ್ಲ. ಕ್ಲಬ್ಬಲ್ಲಿ ಹೇಳ್ತೀನಿ ಇದನ್ನ, ಎಲ್ಲರಿಗೂ ತಿಳೀಲಿ." ಬಾಗಿಲಿಗೆ ಹೋದವರು ತಿರುಗಿ ನಿಂತು, ದನಿ ತಗ್ಗಿಸಿದರು. "ಕ್ಲಬ್ಬಿನ ಕೆಲಸ ಇನ್ನು ಇಲ್ಲಿಗೆ ಕಳ್ಸೋಕಾಗಲ್ಲ. ನಿನಗೇ ಅರ್ಥ ಆಗುತ್ತೆ. ಕನ್ನಡಕದವನಿಗೆ ಒಂದು ಮಾತು ಹೇಳಿರ್ತೀನಿ, ಅವನ ಹತ್ರ ಏನಾದ್ರೂ ಕೂತು ಮಾಡೋ ಕೆಲಸ ಇರುತ್ತೆ."

ಅವರು ಹೋದ ಮೇಲೆ ಅವಳಿಗೆ ಎದೆಯಲ್ಲಿ ಏನೋ ಸಣ್ಣಗೆ ಸಿಹಿಯಾದ ಹಾಗಾಯಿತು. ಬೆಳಗ್ಗೆಯಿಂದ ಕಾಯುತ್ತಿದ್ದದ್ದು ಇದೇ ಇರಬೇಕು. ಅವನ ಹೆಲ್ಮೆಟ್ಟಿನ ಪಟ್ಟಿ ಹಾಕದಿದ್ದುದಕ್ಕೆ ವರ್ಕ್‌ಶಾಪನ್ನೇ ಕೊಟ್ಟುಬಿಟ್ಟೆ, ಸರಿಹೋಯಿತು ಎಂದುಕೊಂಡಳು. ಮುಖ ತೊಳೆದು, ಸೀರೆ ಬದಲಿಸಿ, ತಕ್ಕಡಿಯ ಡಬ್ಬಿಯನ್ನು ಕೈಚೀಲದಲ್ಲಿ ಹಾಕಿಕೊಂಡಳು. ಸತ್ತವರ ಎರವಲು ಮನೆಯಲ್ಲಿ ಉಳಿಯಬಾರದು. ತಾನೇ ಕೇಳಿ ತರಿಸಿಕೊಂಡದ್ದೆಂದು ಹೇಳಿ ಕೊಟ್ಟುಬಿಡಬೇಕು. ಅಲ್ಲಿಗೆ ಅವನ ಬೆರಳಿನ ಗುಟ್ಟೂ ಮುಚ್ಚಿಹೋಗುತ್ತದೆ. ದಾರಿಯುದ್ದಕ್ಕೂ ಆ ಸುಳ್ಳನ್ನು ತಿದ್ದಿ ತಿದ್ದಿ ನುಣುಪು ಮಾಡಿಕೊಂಡಳು. ಸಿಗ್ನಲ್ಲಿನಲ್ಲಿ ನಿಂತ ಬೈಕಿನವರ ಬಲಗೈಗಳನ್ನು ನೋಡಿದಳು.

ಕನ್ನಡಕದವನ ಅಂಗಡಿ ಮುಖ್ಯ ಬೀದಿಯಲ್ಲಿತ್ತು. ಬಿಳಿ ದೀಪ, ಬಿಳಿ ಗೋಡೆ; ಪ್ರತಿ ಹತಾರಕ್ಕೂ ಗೋಡೆಯ ಮೇಲೆ ಅದರದೇ ಆಕಾರದ ಗೆರೆ ಬರೆದು, ಆ ಗೆರೆಯೊಳಗೇ ತೂಗುಹಾಕಿತ್ತು. ಒಂದು ಉದ್ದನೆಯ ಆಕಾರ ಮಾತ್ರ ಖಾಲಿಯಿತ್ತು. ಅವಳನ್ನು ನೋಡಿ ಆತ ಗಡಿಬಿಡಿಯಲ್ಲಿ ಎದ್ದು ಕುರ್ಚಿ ಸರಿಸಿದ.

"ಬನ್ನಿ ಅತ್ತಿಗೆ, ಕೂತ್ಕೊಳಿ. ನಾನೇ ಬರಬೇಕಿತ್ತು ಮನೆಗೆ. ಅವತ್ತು ಮಣ್ಣಿಗೆ ಬಂದಿದ್ದೆ, ಹಿಂದೆ ನಿಂತಿದ್ದೆ. ಎದುರು ಬಂದ್ರೆ ಅಣ್ಣ ಎದ್ದು ಬೈತಾನೇನೋ ಅನ್ನಿಸ್ತು." ನಗಲು ನೋಡಿ ಬಿಟ್ಟ. "ಡಾಕ್ಟ್ರು ಫೋನ್ ಮಾಡಿದ್ರು. ನೀವೇ ಒಪ್ಪಿಕೊಂಡ್ರಂತೆ. ದೊಡ್ಡತನ ಅದು. ನನಗೇನೂ ಆಶ್ಚರ್ಯ ಆಗಲಿಲ್ಲ ಬಿಡಿ, ಅಣ್ಣ ಮೊದಲೇ ಹೇಳಿದ್ದ."

"ಏನು ಹೇಳಿದ್ರು?"

"ನಿಮ್ಮ ವಿಷಯಾನೇ. ಜನ್ಮದಲ್ಲಿ ಈ ಅಂಗಡಿ ಮೆಟ್ಟಿಲು ಹತ್ತದೋನು, ಒಂದು ದಿನ ಬಂದು ತಕ್ಕಡಿ ಕೊಡೋ ಅಂದ. ನನಗೆ ನಗು. ಏನಣ್ಣ, ಬದನೆಕಾಯಿ ವ್ಯಾಪಾರಕ್ಕೆ ಇಳಿದ್ಯಾ ಅಂದೆ. ನನಗಲ್ವೋ, ನಮ್ಮ ಎಂಎಸ್ಸಿಗೆ ಅಂದ. ಪುಸ್ತಕ ಓದಿದ್ದಾಳೆ, ಬೆರಳಿಲ್ಲ. ಎಷ್ಟು ಹೇಳಿಕೊಟ್ರೂ ಮರದ ಕೊರಡು, ಏನೂ ತಿಳಿಯಲ್ಲ ಅವಳಿಗೆ ಅಂದ." ಆತನಿಗೆ ತಾನು ಹೆಚ್ಚು ಆಡಿದೆನೆನಿಸಿರಬೇಕು. "ಬೇಜಾರು ಮಾಡ್ಕೋಬೇಡಿ. ಪ್ರೀತಿಯಿಂದಾನೇ ಹೇಳಿದ್ದು. ಎಲ್ಲರಿಗೂ ಬೆರಳು ಬರಲ್ಲ ಅತ್ತಿಗೆ. ನನಗೂ ಇಲ್ಲ."

ಮರದ ಕೊರಡು. ದಾರಿಯುದ್ದಕ್ಕೂ ತಿದ್ದಿಕೊಂಡು ಬಂದ ಸುಳ್ಳು ಅವಳಿಗಿಂತ ಮೊದಲೇ ಇಲ್ಲಿಗೆ ಬಂದು, ಕುರ್ಚಿ ಹಾಕಿಕೊಂಡು ಕೂತಿತ್ತು. ಅವಳು ಕೊಟ್ಟೆನೆಂದುಕೊಂಡದ್ದನ್ನು ಅವನು ಕೇಳದೆಯೇ ತೆಗೆದುಕೊಂಡು ಖರ್ಚು ಮಾಡಿ ಮುಗಿಸಿದ್ದ. ಸತ್ತಿದ್ದು ಅವನ ಬೆರಳು. ಊರು ಹೂತದ್ದು ಅವಳದನ್ನು. ಎದೆಯಲ್ಲಿನ ಸಿಹಿ ಹಳಸಿ ಹುಳಿಯಾಗಿ ಬಾಯಿಗೆ ಬಂತು. ಕನ್ನಡಕದವನು ಇನ್ನೂ ಮಾತಾಡುತ್ತಿದ್ದ: ಕ್ಲಬ್ಬಿನ ಕೆಲಸ ಬಂದರೆ ತನಗೊಬ್ಬನಿಗೇ ಆಗುವುದಿಲ್ಲ, ಮುಂದಿನ ಮೇಜಿನ ಹತ್ತಿರ ಕೂತು ಫೋನು ಎತ್ತುವುದು, ಬಂದವರ ಹತ್ತಿರ ಮಾತಾಡುವುದು, ಗೌರವದ ಕೆಲಸ, ಕಲ್ಲು ಅರ ಮುಟ್ಟುವುದೇ ಬೇಡ. ಮುಟ್ಟುವುದೇ ಬೇಡ ಎನ್ನುವಾಗ ಆತನ ದನಿ ಎಷ್ಟು ಮೃದುವಾಗಿತ್ತೆಂದರೆ, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವವರು ಹಾಗೆ ಮಾತಾಡುತ್ತಾರೆ.

ಆತನ ಮುಂದೆ, ಹಸಿರು ಬಟ್ಟೆಯ ಮೇಲೆ, ಅದೇ ಬಗೆಯ ಬೇರೊಂದು ಪಿಸ್ತೂಲಿತ್ತು.

"ಇದು ಖಾಲಿನಾ?"

"ಖಾಲಿ. ಆದ್ರೂ ನೋಡ್ಕೊಂಡುಬಿಡಿ."

ಅವಳು ಮ್ಯಾಗಜಿನ್ ತೆಗೆದಳು, ಸ್ಲೈಡ್ ಎಳೆದಳು, ನೋಡಿದಳು, ಕಿರುಬೆರಳು ಹಾಕಿದಳು, ಮತ್ತೆ ನೋಡಿದಳು. ಮೂಲೆಯ ಮರಳಿನ ಪೆಟ್ಟಿಗೆಗೆ ಹಿಡಿದು ಕಣ್ಣುಮುಚ್ಚಿದಳು. ಸಡಿಲ. ಗೋಡೆ. ಯಾರ ಕೈಯೂ ಕಣ್ಣು ಮುಚ್ಚಿರಲಿಲ್ಲ. ಈಗಲೂ ಪಿಸ್ತೂಲನ್ನು ಕೆಳಗಿಟ್ಟು ಫೋನು ಎತ್ತುವ ಕೆಲಸಕ್ಕೆ ಒಪ್ಪಬಹುದಿತ್ತು. ಬೆರಳು ಒತ್ತಿತು.

"ಮೂರು ಕಿಲೋ" ಎಂದಳು. "ಮೂರರ ಮೇಲೆ ಒಂದು ನೂರು ಗ್ರಾಂ. ಕುಸಿಯೋ ಮುಂಚೆ ಬಲಗಡೆ ಏನೋ ಸಣ್ಣಗೆ ಉಜ್ಜುತ್ತಿದೆ."

ಕನ್ನಡಕದವನು ನಕ್ಕ. ಕೆಟ್ಟ ನಗುವಲ್ಲ, ಸತ್ತವನ ಆಟವನ್ನು ಅವನ ಹೆಂಡತಿ ಆಡಿ ತೋರಿಸುತ್ತಿದ್ದಾಳೆಂದು ತಿಳಿದವನ ನಗು. "ಇರಬಹುದು, ಇರಬಹುದು" ಎಂದ.

ಅವಳು ಕೈಚೀಲದಿಂದ ಡಬ್ಬಿ ತೆಗೆದು, ತಕ್ಕಡಿಯನ್ನು ಹೊರಗೆಳೆದು, ಹಿಡಿಯ ಕಡೆಯಿಂದ ಆತನಿಗೆ ಚಾಚಿದಳು.

"ತಗೊಳ್ಳಿ. ನಿಮ್ಮದು. ಅಳೆದು ನೋಡಿ."

ಆತ ತೆಗೆದುಕೊಂಡ. ಅವಳ ಮಾತಿಗೆ ಬೆಲೆ ಕೊಡಲೆಂಬಂತೆ ಕೊಕ್ಕೆ ಸಿಕ್ಕಿಸಿ ಎಳೆದ. ಟಕ್ ಎಂದಿತು. ಮುಳ್ಳನ್ನು ನೋಡಿದ. ಕನ್ನಡಕವನ್ನು ಹಣೆಗೇರಿಸಿ, ತಕ್ಕಡಿಯನ್ನು ಕಣ್ಣಿನ ಹತ್ತಿರ ತಂದು ನೋಡಿದ. ಸ್ಲೈಡ್ ಎಳೆದು ಮತ್ತೊಮ್ಮೆ ಸಿಕ್ಕಿಸಿ ಎಳೆದ. ಆಮೇಲೆ ಸ್ಲೈಡ್ ಬಿಚ್ಚಿ, ಕೊಂಡಿಯ ಬಲಗಡೆಗೆ ಉಗುರು ತಾಗಿಸಿ, ಅಲ್ಲಿ ಏನೋ ಸಿಕ್ಕಿ, ಹಾಗೇ ಕೂತ. ನಗು ಹೋಗಿತ್ತು. ಆತ ಪಿಸ್ತೂಲನ್ನೂ ನೋಡುತ್ತಿರಲಿಲ್ಲ, ಅವಳನ್ನೂ ನೋಡುತ್ತಿರಲಿಲ್ಲ. ಒಂದು ದಿನ ತನ್ನ ಮೆಟ್ಟಿಲು ಹತ್ತಿ ಬಂದು ನಿಂತವನನ್ನು ನೋಡುತ್ತಿದ್ದ.

"ಹಾಗಾದ್ರೆ ಅಣ್ಣ ಇದನ್ನ ತನಗೇ..." ಎಂದ. ತಕ್ಕಡಿಯನ್ನು ಬಟ್ಟೆಯ ಮೇಲಿಟ್ಟು, ಮೆಲ್ಲಗೆ, "ಅಯ್ಯೋ, ಪಾಪ" ಎಂದ.

ಆ ಮಾತು ಈ ಮನುಷ್ಯನ ಬಾಯಿಂದ ಬರಬಾರದೆಂದೇ ಅವಳ ಗಂಡ ಅಷ್ಟೆಲ್ಲ ಮಾಡಿದ್ದ. ಅವಳು ಕೇಳಿಸಿಕೊಂಡಳು. ಖಾಲಿ ಡಬ್ಬಿಯನ್ನು ಮೇಜಿನ ಮೇಲೆ, ಆತನ ಕೈಗೆ ಸಿಗುವಷ್ಟು ಹತ್ತಿರ ಸರಿಸಿದಳು.

"ಮುಚ್ಚಳದ ಚಿಲಕ ಬಗ್ಗಿದೆ, ಸರಿಯಾಗಿ ಕೂರಲ್ಲ" ಎಂದಳು. "ಅವರ ಕೈಯಲ್ಲಿ ಆದದ್ದು. ಹಾಕೋಕೆ ಬರ್ತಿರಲಿಲ್ಲ ಅವರಿಗೆ."